ಅಡಿಕೆ ಮರವೂ ಕೊನೆಗೌಡನೂ

ಮನುಷ್ಯನಿಗೆ ವೈದ್ಯನಿರುವಂತೆ ಮರಕ್ಕೂ ವೈದ್ಯನುಂಟು. ಪಶ್ಚಿಮ ದೇಶಗಳಲ್ಲಿ ಮರವೇರಿ ಒಣಗಿದ ಕೊಂಬೆಯನ್ನು ಕೊಯ್ದು, ರೋಗ ತಗುಲಿದ ಭಾಗವನ್ನು ತೆಗೆಯುವವರನ್ನು ಮರದ ಶಸ್ತ್ರವೈದ್ಯರೆಂದೇ ಕರೆಯುತ್ತಾರೆ. ನಮ್ಮ ಅಡಿಕೆ ಸೀಮೆಯಲ್ಲಿಯೂ ಅಂಥವನೊಬ್ಬನಿದ್ದಾನೆ. ಅವನಿಗೆ ಅಷ್ಟು ದೊಡ್ಡ ಹೆಸರಿಲ್ಲ. ಶಿರಸಿ, ಸಿದ್ದಾಪುರ, ಸಾಗರದ ಕಡೆ ಅವನನ್ನು ಕೊನೆಗೌಡ ಎನ್ನುತ್ತಾರೆ. ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದ ನನಗೆ ಅವನ ಗೊಡವೆ ಏಕೆಂದು ನೀವು ಕೇಳಬಹುದು. ನಾನು ಒಂದು ಎಕರೆ ಅಡಿಕೆ ತೋಟದ ಅನ್ನವುಂಡು ಬೆಳೆದವನು. ಆ ಅನ್ನವನ್ನು ಮೇಲಿಂದ ಇಳಿಸಿಕೊಟ್ಟವನು ಕೊನೆಗೌಡ.

ಮೊದಲು ಮರದ ಸಂಗತಿ. ಮಾವು ಹಲಸುಗಳಿಗೆ ಗಾಯವಾದರೆ, ತೊಗಟೆಯ ಒಳಗಿರುವ ಬೆಳೆಯುವ ಪದರವು ಅಂಚಿನಿಂದ ಉಬ್ಬಿ ಬಂದು ಮೆಲ್ಲಮೆಲ್ಲನೆ ಗಾಯವನ್ನು ಮುಚ್ಚುತ್ತದೆ. ಅಡಿಕೆಯಾದರೋ ತೆಂಗು, ಬಿದಿರು, ಹುಲ್ಲುಗಳಂತೆ ಏಕದಳ ಸಸ್ಯ. ಅದರ ಕಾಂಡದಲ್ಲಿ ಅಂಥ ಪದರವಿಲ್ಲ. ಕಾಂಡಕ್ಕೆ ಒಮ್ಮೆ ಆದ ಗಾಯ ಕಡೆಯವರೆಗೂ ಗಾಯವಾಗಿಯೇ ಉಳಿಯುತ್ತದೆ. ಅದಕ್ಕೆ ಕೊಂಬೆಗಳೂ ಇಲ್ಲ. ಇರುವುದು ತುದಿಯ ಒಂದೇ ಸುಳಿ. ಸುಳಿ ಕೊಳೆಯಿತೆಂದರೆ ಮರ ಮುಗಿಯಿತು. ಆದ್ದರಿಂದ ಅಡಿಕೆಯ ವೈದ್ಯ ರೋಗ ಬಂದಮೇಲೆ ಮಾಡಬಲ್ಲುದು ಸ್ವಲ್ಪ. ಅವನ ವಿದ್ಯೆಯೆಲ್ಲ ಕೇಡು ಬರುವ ಮುಂಚಿನದು.

ಅವನು ಹತ್ತುವ ಬಗೆಯನ್ನು ನೋಡಿ. ಮೊಳೆಗಾಲಿನ ಸಾಧನ ತೊಟ್ಟು ಹತ್ತುವಂತಿಲ್ಲ. ಚುಚ್ಚಿದ ಗುರುತು ಮಾಯುವುದಿಲ್ಲವಷ್ಟೆ. ಪಾದಗಳೆರಡಕ್ಕೂ ಹಗ್ಗದ ತಳೆಯೊಂದನ್ನು ಸಿಕ್ಕಿಸಿ, ಮರವನ್ನು ಅಂಗಾಲುಗಳ ನಡುವೆ ಒತ್ತಿ ಹಿಡಿದು ಐವತ್ತು ಅರುವತ್ತು ಅಡಿ ಏರುತ್ತಾನೆ. ತೋಟದಲ್ಲಿ ಮರದಿಂದ ಮರಕ್ಕೆ ಸುಮಾರು ಒಂಬತ್ತು ಅಡಿ ಅಂತರ. ಒಂದು ಮರದ ಕೆಲಸ ಮುಗಿದರೆ ಅವನು ಕೆಳಗಿಳಿಯುವುದಿಲ್ಲ. ತಾನಿರುವ ಮರವನ್ನೇ ತೂಗಿಸಿ, ನೆರೆಯ ಮರವನ್ನು ಸೆಳೆದುಕೊಂಡು ಅದಕ್ಕೆ ದಾಟುತ್ತಾನೆ. ಕೊಯ್ದ ಕೊನೆಯನ್ನು ಹಗ್ಗದ ಗುಂಟ ಜಾರಿಬಿಟ್ಟರೆ ಕೆಳಗಿನವನು ಹಿಡಿದುಕೊಳ್ಳುತ್ತಾನೆ. ಬಾಲ್ಯದಲ್ಲಿ ಇದೆಲ್ಲ ನಮಗೆ ಆಟದಂತೆ ಕಾಣುತ್ತಿತ್ತು.

ಕೊಯ್ಲಿಗಿಂತ ಮುಖ್ಯವಾದುದು ಮಳೆಗಾಲದ ಮದ್ದು. ಕೊಳೆರೋಗ—ಕರಾವಳಿಯವರು ಮಹಾಳಿ ಎನ್ನುವುದು ಇದನ್ನೇ—ನೀರಿನಲ್ಲಿ ಈಜಿ ಹರಡುವ ಸೂಕ್ಷ್ಮಜೀವಿಯಿಂದ ಬರುವಂಥದು. ಬಿಡದೆ ಸುರಿವ ಜಡಿಮಳೆಯಲ್ಲಿ ಎಳೆಗಾಯಿಯ ತೊಟ್ಟಿನ ಬಳಿ ನೀರುಗಟ್ಟಿದಂತಹ ಕಪ್ಪು ಹಸುರಿನ ಕಲೆ ಮೂಡುತ್ತದೆ. ಕಾಯಿಗಳು ಉದುರಿ ನೆಲದ ಮೇಲೆ ಬಿಳಿಯ ಬೂಷ್ಟು ಹಿಡಿಯುತ್ತವೆ. ಹಿಂದಿನವರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗವನ್ನು ಕುರಿತು ವಿವರವಾದ ವರದಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದ ಬೋರ್ಡೋ ದ್ರಾವಣವೇ ನಮ್ಮ ಅಡಿಕೆಗೂ ಮದ್ದಾಯಿತು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಹೊಳೆಯುವ ಚಾಕುವನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಇದನ್ನು ಮಳೆ ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆ ಹೊಡೆಯಬೇಕು. ಈ ಮದ್ದು ಕಾಯಿಯ ಮೇಲೆ ತೆಳ್ಳನೆಯ ಕವಚವಾಗಿ ನಿಂತು ರೋಗವನ್ನು ಬರಗೊಡದೆ ತಡೆಯುತ್ತದೆಯೇ ಹೊರತು, ಕೊಳೆತ ಕಾಯನ್ನು ಗುಣಪಡಿಸಲಾರದು.

ಬಿಸಿಲಿನ ಕೇಡೂ ಉಂಟು. ಮಳೆಗಾಲ ಕಳೆದ ಮೇಲೆ ನೈಋತ್ಯದಿಂದ ಬೀಳುವ ಮಧ್ಯಾಹ್ನದ ಬಿಸಿಲು ತೋಟದಂಚಿನ ಮರಗಳ ಕಾಂಡವನ್ನು ಸುಡುತ್ತದೆ. ಆ ಮಗ್ಗುಲು ಹಳದಿಯಾಗಿ, ಕಂದಾಗಿ, ಸೀಳಿ, ಒಳಗೆ ಪೊಳ್ಳಾಗುತ್ತದೆ. ತಡೆಯುವ ಉಪಾಯ ಸುಲಭ: ಕಾಂಡಕ್ಕೆ ಅಡಿಕೆಯ ಸೋಗೆಯನ್ನೋ ಹಾಳೆಯನ್ನೋ ಸುತ್ತಿ ಕಟ್ಟುವುದು. ಆದರೆ ಸಣ್ಣ ಹಿಡುವಳಿದಾರನಿಗೆ ಕೂಲಿಯ ದುಡ್ಡು ಕೈಯಲ್ಲಿಲ್ಲದಾಗ ಮೊದಲು ಬಿಟ್ಟುಹೋಗುವ ಕೆಲಸವೂ ಇದೇ. ನನ್ನ ತಂದೆಯವರು ಎರಡು ವರ್ಷ ಇದನ್ನು ಬಿಟ್ಟಿದ್ದರು.

1974ರ ಕೊಯ್ಲು. ನಮ್ಮ ಕೊನೆಗೌಡ ಪಡುವಣ ಅಂಚಿನ ಮರವೊಂದನ್ನು ಬೆರಳ ಗೆಣ್ಣಿನಿಂದ ಕುಟ್ಟಿದ, ಕಿವಿಯಿಟ್ಟ, ಹಿಂದೆ ಸರಿದ. ‘ಈ ಮರ ಬ್ಯಾಡ್ರೋ ಒಡೇರೆ, ಒಳಗೆ ಪೊಳ್ಳಾಗದೆ’ ಎಂದ. ಮರದಲ್ಲಿ ತುಂಬಿದ ಮೂರು ಕೊನೆಗಳಿದ್ದವು. ಸಾಲದ ಕಂತು ತಲೆಯ ಮೇಲಿತ್ತು. ತಂದೆಯವರು ಅವನಿಗೆ ಸೋಮಾರಿತನವೆಂದು ಬಗೆದು ಹರೆಯದವನೊಬ್ಬನನ್ನು ಕರೆಸಿ ಹತ್ತಿಸಿದರು. ಮರ ನಡುವಿನಲ್ಲಿಯೇ ಮುರಿಯಿತು. ಆ ಹುಡುಗ ಬದುಕಿದ. ಬೆನ್ನುಮೂಳೆಗೆ ಪೆಟ್ಟಾಗಿ ಮತ್ತೆಂದೂ ಮರ ಹತ್ತಲಿಲ್ಲ. ಆಸ್ಪತ್ರೆಯ ಖರ್ಚನ್ನು ತಂದೆಯವರು ಕೊಟ್ಟರು, ತಾವಿರುವವರೆಗೂ ಪ್ರತಿವರ್ಷ ಅವನ ಮನೆಗೆ ಅಕ್ಕಿ ಕಳಿಸಿದರು. ಆ ಮರದ ಗಾಯದಂತೆ ಅವನದೂ ಮಾಯಲಿಲ್ಲ. ಮುಂದಿನ ವರ್ಷದಿಂದ ಮಳೆ ನಿಂತೊಡನೆ ಅಂಚಿನ ಮರಗಳಿಗೆ ತಂದೆಯವರೇ ಸೋಗೆ ಕಟ್ಟತೊಡಗಿದರು. ಕೊಯ್ಲಿನ ಮೊದಲ ದಿನ ಕೊನೆಗೌಡನಿಗೆ ಕವಳ ಕೊಟ್ಟು, ಯಾವ ಯಾವ ಮರ ಬೇಡವೆಂದು ತಾವಾಗಿ ಕೇಳುತ್ತಿದ್ದರು.

ಈಗ ಕೊನೆಗೌಡರು ವಿರಳವಾಗಿದ್ದಾರೆ. ಅವರ ಮಕ್ಕಳು ಪೇಟೆಯ ಕೆಲಸ ಹಿಡಿದಿದ್ದರೆ ಅದನ್ನು ತಪ್ಪೆನ್ನುವ ಅಧಿಕಾರ ನನಗಂತೂ ಇಲ್ಲ. ಹಗುರವಾದ ಕಾರ್ಬನ್ ಫೈಬರಿನ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಮದ್ದೂ ಹೊಡೆಯಬಹುದು. ಒಬ್ಬನ ಬೆನ್ನುಮೂಳೆ ಉಳಿದರೂ ಅದು ದೊಡ್ಡ ಲಾಭ. ಆದರೆ ಹತ್ತುವವನು ಕೊನೆಯ ಜೊತೆಗೆ ಸುದ್ದಿಯನ್ನೂ ಇಳಿಸುತ್ತಿದ್ದ: ಯಾವ ಸುಳಿ ಬಾಡಿದೆ, ಯಾವ ಹಿಂಗಾರ ಒಣಗಿದೆ, ಯಾವ ಕಾಂಡ ಟೊಳ್ಳಾಗಿದೆ. ಆ ಸುದ್ದಿ ದೋಟಿಯಿಂದ ಬರುವುದಿಲ್ಲ.

ತೋಟ ಈಗ ನನ್ನ ತಮ್ಮನ ಕೈಯಲ್ಲಿದೆ. ಅವನೂ ದೋಟಿ ತಂದಿದ್ದಾನೆ. ಹೋದ ಸಲ ಊರಿಗೆ ಹೋದಾಗ ಅವನಿಗೆ ಒಂದು ಮಾತು ಹೇಳಿ ಬಂದೆ. ವಯಸ್ಸಾದ ಕೊನೆಗೌಡರೊಬ್ಬರು ಇನ್ನೂ ನೆರೆಯಲ್ಲಿದ್ದಾರೆ. ಅವರು ಮರ ಹತ್ತುವುದು ಬೇಡ. ಮಳೆಗೆ ಮೊದಲೊಮ್ಮೆ, ಕೊಯ್ಲಿಗೆ ಮೊದಲೊಮ್ಮೆ ಅವರನ್ನು ಕರೆದು ತೋಟ ಸುತ್ತಿಸಬೇಕು. ಅವರು ಕುಟ್ಟಿ ನೋಡಿ ಹೇಳಿದ್ದನ್ನು ಬರೆದಿಟ್ಟುಕೊಳ್ಳಬೇಕು. ಅವರಿಗೆ ಆ ದಿನದ ಪೂರ್ತಿ ಕೂಲಿ ಕೊಡಬೇಕು. ತಮ್ಮ ಒಪ್ಪಿದ್ದಾನೆ. ಅದಕ್ಕೆಂದು ನಾನು ಇನ್ನೂರು ಪುಟದ ಪುಸ್ತಕವೊಂದನ್ನು ಅವನಿಗೆ ಕೊಟ್ಟು ಬಂದಿದ್ದೇನೆ.