ಶುಗರ್ ಇದ್ದವರಿಗೆ ಬೈಪಾಸ್ ಸರ್ಜರಿ: ಡಿಸ್ಚಾರ್ಜ್ ತಡವಾಗುವುದೇಕೆ? ಮೊದಲೇ ಏನು ಮಾಡಬಹುದು?

ಹೈದರಾಬಾದ್: ಕಲಬುರಗಿ, ಬೀದರ್, ರಾಯಚೂರು ಭಾಗದ ಅನೇಕರು ಹೃದಯ ಶಸ್ತ್ರಚಿಕಿತ್ಸೆಗಾಗಿ ಹೈದರಾಬಾದ್‌ಗೆ ಹೋಗುತ್ತಾರೆ. ಬೈಪಾಸ್ ಆದ ಬಳಿಕ ಬೇರೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಮನೆಗೆ ಕಳುಹಿಸುತ್ತಾರೆ. ರೋಗಿಗೆ ಮಧುಮೇಹವಿದ್ದರೆ ಈ ಲೆಕ್ಕ ತಪ್ಪಬಹುದು. ಹೆಚ್ಚುವ ಒಂದೊಂದು ದಿನಕ್ಕೂ ಆಸ್ಪತ್ರೆ ಬಿಲ್ ಜೊತೆಗೆ, ಊರು ಬಿಟ್ಟು ಬಂದ ಕುಟುಂಬದವರ ಊಟ, ವಸತಿಯ ಖರ್ಚೂ ಏರುತ್ತದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಹಾಗಾಗಿ ಇದು ಕೆಲವೇ ಮನೆಗಳ ಸಮಸ್ಯೆಯಲ್ಲ.

ತಡವಾಗಲು ಕಾರಣವೇನು?

ಶಸ್ತ್ರಚಿಕಿತ್ಸೆಯ ಒತ್ತಡಕ್ಕೆ ದೇಹದಲ್ಲಿ ಕಾರ್ಟಿಸೋಲ್, ಅಡ್ರಿನಾಲಿನ್ ಹಾರ್ಮೋನ್‌ಗಳು ಹೆಚ್ಚುತ್ತವೆ. ಇವು ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಸಕ್ಕರೆ ಹೆಚ್ಚಿದಾಗ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ದುರ್ಬಲವಾಗುತ್ತವೆ. ಬಹಳ ವರ್ಷಗಳಿಂದ ಮಧುಮೇಹವಿದ್ದವರಲ್ಲಿ ಸಣ್ಣ ರಕ್ತನಾಳಗಳೂ ಹಾಳಾಗಿರುವುದರಿಂದ ಗಾಯಕ್ಕೆ ಬೇಕಾದಷ್ಟು ರಕ್ತ ತಲುಪುವುದಿಲ್ಲ. ಹೀಗಾಗಿ ಎದೆಮೂಳೆಯ ಗಾಯ, ರಕ್ತನಾಳ ತೆಗೆದ ಕಾಲಿನ ಗಾಯ ನಿಧಾನವಾಗಿ ಮಾಯುತ್ತವೆ. ಮೂತ್ರಪಿಂಡದ ತೊಂದರೆ ಇದ್ದರೆ ಚೇತರಿಕೆ ಇನ್ನೂ ತಡವಾಗುತ್ತದೆ.

ನಿಯಂತ್ರಣದಿಂದ ವ್ಯತ್ಯಾಸವಾಗುತ್ತದೆ

ಮಧುಮೇಹ ಇದೆ ಎಂದ ಮಾತ್ರಕ್ಕೆ ಎಲ್ಲರಿಗೂ ಹೀಗಾಗುವುದಿಲ್ಲ. ಸಕ್ಕರೆ ಎಷ್ಟು ಹತೋಟಿಯಲ್ಲಿದೆ ಎಂಬುದು ಮುಖ್ಯ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ ಮಧುಮೇಹಿಗಳ ಬಗ್ಗೆ 1999ರಲ್ಲಿ ಅಧ್ಯಯನವೊಂದು ಪ್ರಕಟವಾಗಿತ್ತು. ಚರ್ಮದಡಿ ಆಗಾಗ ಇನ್ಸುಲಿನ್ ಚುಚ್ಚುವ ಬದಲು ಡ್ರಿಪ್ ಮೂಲಕ ನಿರಂತರವಾಗಿ ಕೊಟ್ಟಾಗ, ಎದೆಮೂಳೆಯ ಆಳದ ಸೋಂಕು ಶೇ.2ರಿಂದ ಶೇ.0.8ಕ್ಕೆ ಇಳಿದಿತ್ತು. ಈಗ ಶಸ್ತ್ರಚಿಕಿತ್ಸೆ ಬಳಿಕ ಸಕ್ಕರೆ ಪ್ರಮಾಣವನ್ನು ಸಾಮಾನ್ಯವಾಗಿ 180 ಎಂಜಿ ಒಳಗೆ ಇಡಲು ವೈದ್ಯರು ಯತ್ನಿಸುತ್ತಾರೆ. ಮಾತ್ರೆಯಲ್ಲಿದ್ದವರಿಗೂ ಐಸಿಯುನಲ್ಲಿ ಇನ್ಸುಲಿನ್ ಕೊಡುವುದು ಇದಕ್ಕಾಗಿಯೇ. ಇದನ್ನು ಕಂಡು ಕಾಯಿಲೆ ಉಲ್ಬಣಿಸಿದೆ ಎಂದು ಗಾಬರಿಯಾಗಬೇಕಿಲ್ಲ.

ಮೊದಲೇ ಏನು ಮಾಡಬೇಕು?

* ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ವರದಿ ಜೊತೆಗಿರಲಿ. ಇದು ತೀರಾ ಹೆಚ್ಚಿದ್ದು, ಶಸ್ತ್ರಚಿಕಿತ್ಸೆ ತುರ್ತಾಗಿಲ್ಲದಿದ್ದರೆ, ಮೊದಲು ಹತೋಟಿಗೆ ತರಲು ವೈದ್ಯರು ಕೆಲವು ವಾರ ಕಾಯಲು ಹೇಳಬಹುದು.
* ಸೇವಿಸುವ ಎಲ್ಲ ಔಷಧಗಳ ಹೆಸರು ತಿಳಿಸಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಆದರೆ ವೈದ್ಯರು ಹೇಳದೆ ಯಾವುದನ್ನೂ ನಿಲ್ಲಿಸಬೇಡಿ.
* ಬೀಡಿ, ಸಿಗರೇಟ್, ತಂಬಾಕು ಬಿಡಿ.

ಮನೆಗೆ ಬಂದ ಮೇಲೆ

ಎದೆಮೂಳೆ ಕೂಡಿಕೊಳ್ಳಲು ಎರಡರಿಂದ ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಭಾರ ಎತ್ತಬಾರದು. ಗಾಯ ಕೆಂಪಾದರೆ, ಕೀವು ಬಂದರೆ, ಜ್ವರ ಕಾಣಿಸಿಕೊಂಡರೆ ಅಥವಾ ಎದೆಮೂಳೆ ಅಲುಗಾಡಿದಂತೆ ಅನಿಸಿದರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಹೈದರಾಬಾದ್ ದೂರವೆಂದು ಸುಮ್ಮನಿರದೆ, ಮೊದಲು ಹತ್ತಿರದ ಆಸ್ಪತ್ರೆಗೆ ಡಿಸ್ಚಾರ್ಜ್ ಪತ್ರದೊಂದಿಗೆ ಹೋಗುವುದು ಒಳ್ಳೆಯದು.