ಅಗ್ಗದ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಮುನ್ನ

ಹೊಸದುರ್ಗ ತಾಲ್ಲೂಕಿನ ಮತ್ತೋಡಿನಂಥ ಊರಿನಿಂದ ಬೆಂಗಳೂರಿನ ಅಂಗಡಿಗೆ ಹೋಗಿ ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ವಾದ್ಯದ ಕತ್ತನ್ನು. ತಂತಿಗಳ ಬಿಗಿತಕ್ಕೆ ಕತ್ತು ಬಾಗದಂತೆ ಅದರೊಳಗೆ ಕೂರಿಸಿದ ಲೋಹದ ಸರಳಿಗೆ ಟ್ರಸ್ ರಾಡ್ ಎಂದು ಹೆಸರು. ಅದನ್ನು ತಿರುಗಿಸಿ ಬಾಗನ್ನು ತಿದ್ದಬಹುದಾದರೂ, ತಿರುಚಿಕೊಂಡ ಕತ್ತನ್ನು ಅದು ಸರಿಪಡಿಸಲಾರದು. ಬೆರಳುಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ಅಂಚಿನ ಮೇಲೆ ಅಂಗೈ ಸವರಿದಾಗ ಚುಚ್ಚಿದಂತಾದರೆ, ಮರ ಒಣಗಿ ಕುಗ್ಗಿದೆಯೆಂದು ತಿಳಿಯಬಹುದು. ಚಿತ್ರದುರ್ಗ ಸೀಮೆಯ ಒಣಹವೆಯಲ್ಲಿ ಈ ದೋಷ ಇನ್ನಷ್ಟು ಹೆಚ್ಚುವ ಸಂಭವವಿದೆ. ಬೆರಳುಹಲಗೆಗೆ ಕರ್ನಾಟಕದ ಕಾಡುಗಳಲ್ಲೂ ಬೆಳೆಯುವ ಬೀಟೆ ಮರ ಪ್ರಸಿದ್ಧವೇ ಸರಿ, ಆದರೆ ಅಗ್ಗದ ವಾದ್ಯದಲ್ಲಿ ಅದಕ್ಕಾಗಿ ಹಟ ಹಿಡಿಯುವುದು ಅನಗತ್ಯ.

ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಸುರುಳಿಯೇ ಪಿಕಪ್. ಆ ಸಂಕೇತವನ್ನು ಹಿಗ್ಗಿಸುವ ಆಂಪ್ಲಿಫೈಯರ್ ಇಲ್ಲದೆ ಗಿಟಾರಿನ ದನಿ ಪಕ್ಕದ ಕೋಣೆಗೂ ಸರಿಯಾಗಿ ಕೇಳದಾದ್ದರಿಂದ, ಕೈಯಲ್ಲಿರುವ ಹಣವನ್ನೆಲ್ಲ ಗಿಟಾರಿಗೇ ಸುರಿಯದೆ, ಹೆಡ್‌ಫೋನ್ ಜೋಡಿಸಬಹುದಾದ ಸಣ್ಣ ಆಂಪ್ಲಿಫೈಯರಿಗೂ ಕೇಬಲ್ಲಿಗೂ ಒಂದು ಪಾಲು ಎತ್ತಿಡಬೇಕಾಗುತ್ತದೆ. ಹಳೆಯ ವಾದ್ಯವಾದರೆ ಕೇಬಲ್ ಸಿಕ್ಕಿಸಿ, ಗುಬುಟುಗಳನ್ನು ತಿರುಗಿಸಿ, ಕರಕರ ಸದ್ದು ಬರುವುದೇ ಎಂದು ಕೇಳಿ ನೋಡಿದ ಮೇಲೆಯೇ ಬೆಲೆಯ ಮಾತು ಎತ್ತುವುದು ಲೇಸು.