ಖಗ್ರಾಸ ಚಂದ್ರಗ್ರಹಣ ಮತ್ತು ಹದಿನೆಂಟು ವರ್ಷಗಳ ಆವರ್ತ

2025ರ ಸೆಪ್ಟೆಂಬರ್ 7ರ ರಾತ್ರಿ ಭಾರತದಾದ್ಯಂತ ಗೋಚರಿಸುವಂತೆ ಸಂಭವಿಸಿದ ಖಗ್ರಾಸ ಚಂದ್ರಗ್ರಹಣದಲ್ಲಿ ಚಂದ್ರಬಿಂಬವು ಸುಮಾರು 82 ನಿಮಿಷಗಳ ಕಾಲ ಭೂಮಿಯ ದಟ್ಟ ನೆರಳಿನೊಳಗೆ ಪೂರ್ತಿಯಾಗಿ ಮುಳುಗಿತ್ತು. ಆ ಹೊತ್ತಿನಲ್ಲೂ ಭೂಮಿಯ ವಾಯುಮಂಡಲದ ಮೂಲಕ ಬಾಗಿ ಹಾಯುವ ಸೂರ್ಯನ ಬೆಳಕಿನಲ್ಲಿ ನೀಲಿಯು ಚದುರಿಹೋಗಿ ಕೆಂಪು ಮಾತ್ರ ಚಂದ್ರನನ್ನು ತಲಪುವುದರಿಂದ, ಚಂದ್ರನು ಮರೆಯಾಗದೆ ತಾಮ್ರವರ್ಣವನ್ನು ತಳೆಯುತ್ತಾನೆ.

ಚಂದ್ರನ ಕಕ್ಷೆಯು ಭೂಮಿಯ ಕಕ್ಷಾತಲಕ್ಕೆ ಸುಮಾರು 5 ಡಿಗ್ರಿಗಳಷ್ಟು ಓರೆಯಾಗಿರುವುದರಿಂದ ಬಹುತೇಕ ಹುಣ್ಣಿಮೆಗಳಲ್ಲಿ ಚಂದ್ರನು ನೆರಳಿನ ಮೇಲಕ್ಕೋ ಕೆಳಕ್ಕೋ ಸರಿದುಹೋಗುತ್ತಾನೆ. ಈ ಎರಡು ತಲಗಳು ಸಂಧಿಸುವ ಸ್ಥಾನಗಳಿಗೆ ಪಾತಬಿಂದುಗಳೆಂದು ಹೆಸರು. ಭಾರತೀಯ ಜ್ಯೋತಿಷವು ಇವನ್ನೇ ರಾಹು ಮತ್ತು ಕೇತು ಎಂದು ಕರೆದಿದೆ. ಚಂದ್ರನು ಪಾತಬಿಂದುವಿನ ಸಮೀಪದಲ್ಲಿರುವಾಗ ಹುಣ್ಣಿಮೆಯೂ ಕೂಡಿಬಂದರೆ ಮಾತ್ರ ಗ್ರಹಣವಾಗುತ್ತದೆ.

ಒಂದು ಹುಣ್ಣಿಮೆಯಿಂದ ಮುಂದಿನದಕ್ಕೆ ಸರಾಸರಿ 29.53 ದಿನಗಳು, ಒಂದು ಪಾತಬಿಂದುವಿನಿಂದ ಹೊರಟು ಮತ್ತೆ ಅದಕ್ಕೇ ಬರಲು 27.21 ದಿನಗಳು. ಮೊದಲನೆಯ ಬಗೆಯ 223 ತಿಂಗಳುಗಳೂ ಎರಡನೆಯ ಬಗೆಯ 242 ತಿಂಗಳುಗಳೂ ಹೆಚ್ಚುಕಡಿಮೆ 6585.3 ದಿನಗಳಲ್ಲಿ ಮುಗಿಯುವುದರಿಂದ, ಅಂದರೆ 18 ವರ್ಷ, 11 ದಿನ, 8 ಗಂಟೆಗಳ ಬಳಿಕ, ಸೂರ್ಯ, ಭೂಮಿ, ಚಂದ್ರರು ಬಹುಮಟ್ಟಿಗೆ ಹಿಂದಿನ ಜೋಡಣೆಗೇ ಮರಳುತ್ತಾರೆ. ಸಾರೋಸ್ ಎನಿಸಿಕೊಂಡ ಈ ಆವರ್ತದಲ್ಲಿ ಚಂದ್ರನು ಭೂಮಿಗೆ ಅತಿ ಸಮೀಪ ಬರುವ ಚಕ್ರವೂ ಸುಮಾರು 239 ಸಲ ಪೂರ್ಣಗೊಳ್ಳುವುದರಿಂದ, ಅಂತಹ ಎರಡು ಗ್ರಹಣಗಳು ಸ್ವರೂಪದಲ್ಲಿಯೂ ಒಂದನ್ನೊಂದು ಹೋಲುತ್ತವೆ.

2025ರ ಗ್ರಹಣದ ಹಿಂದಿನ ಕೊಂಡಿ 2007ರ ಆಗಸ್ಟ್ 28ರದು, ಮುಂದಿನದು 2043ರ ಸೆಪ್ಟೆಂಬರ್ 19ರದು. ಆವರ್ತದಲ್ಲಿ ಉಳಿಯುವ 8 ಗಂಟೆಗಳಲ್ಲಿ ಭೂಮಿಯು ಮೂರನೆಯ ಒಂದು ಭಾಗ ಹೆಚ್ಚಾಗಿ ತಿರುಗುವುದರಿಂದ, ಪೆಸಿಫಿಕ್ ಸಾಗರದ ಮೇಲೆ ಚೆನ್ನಾಗಿ ಕಂಡದ್ದು ಮುಂದಿನ ಬಾರಿ ಏಷ್ಯಾಕ್ಕೂ ಅನಂತರ ಅಮೆರಿಕ ಖಂಡಗಳಿಗೂ ಸರಿಯುತ್ತದೆ. ಎರಡು ಬಗೆಯ ತಿಂಗಳುಗಳ ಲೆಕ್ಕ ಕರಾರುವಾಕ್ಕಾಗಿ ಹೊಂದದೆ ಒಂದು ಗಂಟೆಗಿಂತ ತುಸು ಕಡಿಮೆ ವ್ಯತ್ಯಾಸ ಉಳಿಯುತ್ತದೆ. ಆದ್ದರಿಂದ ಈ ಸರಣಿಯ ಪೂರ್ಣತೆ 2007ರಲ್ಲಿ ಸುಮಾರು 90 ನಿಮಿಷಗಳಿದ್ದದ್ದು 2043ರಲ್ಲಿ 72ಕ್ಕೆ ಇಳಿಯಲಿದೆ. ಹೀಗೆ ಅಂಚಿನಲ್ಲಿ ಹುಟ್ಟಿ, ನೆರಳಿನ ನಡುವನ್ನು ಹಾಯ್ದು, ಇನ್ನೊಂದು ಅಂಚಿನಲ್ಲಿ ಕೊನೆಗೊಳ್ಳುವ ಒಂದು ಸರಣಿಯ ಆಯುಷ್ಯ ಹನ್ನೆರಡು ಶತಮಾನಗಳಿಗೂ ಮಿಕ್ಕಿದ್ದು.

ದೂರದರ್ಶಕವಿಲ್ಲದ ಕಾಲದಲ್ಲಿ ಬ್ಯಾಬಿಲೋನಿಯದ ವೀಕ್ಷಕರು ಗ್ರಹಣಗಳನ್ನು ತಲೆಮಾರುಗಳ ಕಾಲ ಮಣ್ಣಿನ ಫಲಕಗಳಲ್ಲಿ ದಾಖಲಿಸಿ ಈ ಹದಿನೆಂಟು ವರ್ಷಗಳ ಕ್ರಮವನ್ನು ಗುರುತಿಸಿದರು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಒಂದು ಸರಣಿಯ ನಾಲ್ಕೈದು ಗ್ರಹಣಗಳಷ್ಟೇ ಸಂಭವಿಸುವುದರಿಂದ, ಇಂತಹ ಜ್ಞಾನವು ಹಿಂದಿನವರ ದಾಖಲೆಯನ್ನು ಮುಂದಿನವರು ನಂಬಿ, ಪರೀಕ್ಷಿಸಿ, ಬೆಳೆಸಿದಾಗ ಮಾತ್ರ ಸಾಧ್ಯವಾಗುತ್ತದೆ.